ಶೆಲ್ಟರಿನಿಂದ ನಾಯಿ ತರೋದೈತಿ, ಮನಿ ಹೆಂಗ ತಯಾರ ಮಾಡ್ಕೋಬೇಕು? (ವಿಜಯಪುರ, ಬ್ಯಾಸಗಿ)

ಜೋಡಗುಮ್ಮಟ_ಓಣಿ ಕೇಳಿದ್ದು

ಎಲ್ಲಾರಿಗೂ ನಮಸ್ಕಾರ. ಬರೋ ರವಿವಾರ ಶೆಲ್ಟರಿನಿಂದ ಒಂದು ನಾಯಿ ಮನಿಗೆ ಬರೋದೈತಿ. ಹೆಣ್ಣು, ಅಂದಾಜು ಎರಡೂವರೆ ವರ್ಷ, 14 ಕಿಲೋ. ಕಾಗದದಾಗ ನಾಟಿ ಅಂತ ಬರದಾರ. ಆದ್ರ ಉದ್ದ ಮೂತಿ, ಸಣ್ಣ ನಡ, ಕೋಲಿನಂಥ ಕಾಲು ನೋಡಿದ್ರ ಮುಧೋಳದ ಬೆರಕಿ ಇದ್ದಂಗ ಕಾಣತೈತಿ. ಆಪರೇಷನ್ ಆಗೈತಿ, ಕಿವಿ ತುದಿ ಕತ್ತರಿಸ್ಯಾರ.

ಮನಿ ವಿಜಯಪುರದಾಗ, ಬಾಡಗೀದು, ಕೆಳಗಿನ ಅಂತಸ್ತು. ಮುಂದ 10 ಬೈ 12 ಅಡಿ ಅಂಗಳ, ಒಳಗೂ ಹೊರಗೂ ಶಹಾಬಾದಿ ಫರ್ಸಿ, ಗೇಟು ಪಶ್ಚಿಮಕ್ಕ. ಮ್ಯಾಲ ಮಾಳಗಿ, ಅದರ ಪ್ಯಾರಾಪೆಟ್ ಎರಡೂವರೆ ಅಡಿ. ಬಾಜೂಕ ಮನಿ ಮಾಲಕರ ದನದ ಕೊಟ್ಟಿಗಿ, ನಡುವ ಹಳೇ ಕಲ್ಲಿನ ಗ್ವಾಡಿ. ಮನ್ಯಾಗ ಆರು ವರ್ಷದ ಮಗಳು, ಅತ್ತಿಯವರು ಅದಾರ.

ಈ ಬಿಸಲಾಗ ನಾಯಿನ್ನ ಎಲ್ಲಿ ಇಡಬೇಕು? ಕೊಟ್ಟಿಗಿ ಬಾಜೂಕ ಇರೋದ್ರಿಂದ ಉಣ್ಣಿ ಕಾಟ ಹೆಂಗ ತಡೀಬೇಕು? ಜೋಳದ ರೊಟ್ಟಿ ಮ್ಯಾಲ ಸಾಕಬಹುದೇನು? ಶೆಲ್ಟರಿನವರ ಕಡಿಂದ ಏನೇನು ಕೇಳಿ ಇಸ್ಕೋಬೇಕು? ಸಾಮಾನು ಖರೀದಿಗೆ ಇನ್ನೂ ಆರು ದಿನ ಐತಿ.

ಕೃಷ್ಣೆಯ_ದಂಡಿ (ಬಾಗಲಕೋಟೆ)

ಮೊದಲು ಕಾಗದದ ವಿಚಾರ. ಕಿವಿ ಕತ್ತರಿಸಿದ್ದು ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರುತು. ಅದನ್ನೇ ಲಸಿಕೆಯ ಗುರುತು ಎಂದು ತಿಳಿಯುವವರು ಬಹಳ. ಆಪರೇಷನ್ ಜೊತೆ ರೇಬೀಸ್ ಲಸಿಕೆ ಹಾಕಬೇಕೆಂದು ನಿಯಮವಿದೆ ನಿಜ, ಆದರೆ ಯಾವ ತಾರೀಕಿಗೆ ಹಾಕಿದರು ಎನ್ನುವುದು ಕಿವಿ ನೋಡಿದರೆ ತಿಳಿಯುವುದಿಲ್ಲ. ಲಸಿಕೆ ಕಾರ್ಡ್ ಕೇಳಿ. ಅದರಲ್ಲಿ ತಾರೀಕು, ವೈದ್ಯರ ಸಹಿ, ಬಾಟಲಿಯ ಮೇಲಿನ ಬ್ಯಾಚ್ ನಂಬರಿನ ಚೀಟಿ ಮೂರೂ ಇರಬೇಕು. ಚೀಟಿ ಅಂಟಿಸದ ಕಾರ್ಡನ್ನು ಖಾಲಿ ಕಾರ್ಡ್ ಎಂದೇ ಎಣಿಸಿ.

ಹಳೆಯ ಲೆಕ್ಕ ಸಿಗದ ದೊಡ್ಡ ನಾಯಿಗೆ ರೇಬೀಸ್ ಒಂದು ಡೋಸ್, ಮತ್ತೆ ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಕೂಡಿದ ಲಸಿಕೆ ಎರಡು ಸಲ, ನಡುವೆ ಮೂರರಿಂದ ನಾಲ್ಕು ವಾರ ಬಿಟ್ಟು. ಜಂತಿನ ಮಾತ್ರೆ ಕೊನೆಗೆ ಯಾವಾಗ ಕೊಟ್ಟರು, ಯಾವ ಆಹಾರ ಎಷ್ಟು ಹೊತ್ತಿಗೆ ಹಾಕುತ್ತಿದ್ದರು, ಬೇರೆ ನಾಯಿಗಳ ಜೊತೆ ಹೇಗಿತ್ತು, ಗಂಡಸರ ಕಂಡರೆ ಹಿಂಜರಿಯುತ್ತದೆಯೇ, ಇವನ್ನೂ ಕೇಳಿ. ಇನ್ನೊಂದು ಪ್ರಶ್ನೆ ಮರೆಯಬೇಡಿ: ಇದನ್ನು ಮೊದಲೊಮ್ಮೆ ಯಾರಾದರೂ ಒಯ್ದು ವಾಪಸು ತಂದು ಬಿಟ್ಟಿದ್ದರೇ? ಬಿಟ್ಟಿದ್ದರೆ ಕಾರಣವೇನು? ನಾಯಿ ಬೇಡ ಎನ್ನುವುದಕ್ಕಲ್ಲ, ಯಾವ ತೊಂದರೆಗೆ ತಯಾರಿರಬೇಕು ಎಂದು ತಿಳಿಯಲು.

ಬಾಡಿಗೆ ಮನೆ ಎಂದಿರಿ. ಮಾಲೀಕರ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ಅವರ ದನ ಬಾಜುವಿನಲ್ಲೇ ಇರುವಾಗ ಇದು ಇನ್ನೂ ಜರೂರು.

ಈಗ ಅಂಗಳ. ಪಶ್ಚಿಮದ ಗೇಟು ಎಂದರೆ ಮಧ್ಯಾಹ್ನ ಎರಡರಿಂದ ಆರರವರೆಗೆ ಬಿಸಿಲು ನೇರ ಫರ್ಸಿಗೆ ಬೀಳುತ್ತದೆ. ಅಂಗಳದಲ್ಲಿ ತಗಡಿನ ಗೂಡು ಮಾಡಿಸುವ ವಿಚಾರವಿದ್ದರೆ ಕೈಬಿಡಿ, ನಮ್ಮ ಕಡೆಯ ಮೇ ತಿಂಗಳಲ್ಲಿ ಅದು ಒಲೆ. ಅಂಗೈಯ ಹಿಂಬದಿಯನ್ನು ಫರ್ಸಿಯ ಮೇಲೆ ಏಳು ಎಣಿಸುವವರೆಗೆ ಇಟ್ಟು ನೋಡಿ, ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗದು. ಹೊಲದವರು ಕಟ್ಟುವ ಹಸಿರು ನೆರಳುಬಲೆ, 75 ಪರ್ಸೆಂಟಿನದು, ಗೇಟಿನ ಮೇಲಿಂದ ಗೋಡೆಯವರೆಗೆ ಇಳಿಜಾರಾಗಿ ಕಟ್ಟಿ. ಅದು ಹಗಲಿನಲ್ಲಿ ಹತ್ತು ನಿಮಿಷ ಹೊರಗೆ ಬಂದು ಮೂತ್ರ ಮಾಡಿ ಹೋಗಲಿಕ್ಕೆ ಸಾಕು, ಇಡೀ ದಿನ ಇರಲಿಕ್ಕಲ್ಲ. ಮಲಗುವ ಜಾಗ ಮನೆಯೊಳಗೇ ಇರಲಿ: ಪೂರ್ವ ಅಥವಾ ಉತ್ತರದ ಖೋಲಿ, ಬಾಗಿಲಿಗೆ ಎದುರಲ್ಲದ ಮೂಲೆ. ಒಳಗಿನ ಶಹಾಬಾದಿ ತಂಪಾಗಿರುತ್ತದೆ. ಅರ್ಧ ಭಾಗಕ್ಕೆ ಹಾಸಿಗೆ ಹಾಸಿ ಅರ್ಧ ಬರಿಗಲ್ಲು ಬಿಡಿ, ಎಲ್ಲಿ ಮಲಗಬೇಕೆಂದು ಅದೇ ನೋಡಿಕೊಳ್ಳುತ್ತದೆ. ವಿಜಯಪುರದ ಒಣ ಸೆಖೆಗೆ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ವಾಯರನ್ನು ಪೈಪಿನೊಳಗೆ ಹಾಯಿಸಿ ಗೋಡೆಗೆ ಹೊಡೆಯಿರಿ.

ನೀರು: ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಲೆಕ್ಕ. 14 ಕಿಲೋಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು, ಬೇಸಿಗೆಯಲ್ಲಿ ಇನ್ನೂ ಮೇಲೆ. ಎರಡು ಮಣ್ಣಿನ ಬೋಗುಣಿ, ಎರಡು ಬೇರೆ ಜಾಗದಲ್ಲಿ. ಒಂದನ್ನು ಕೆಡವಿದರೂ ಇನ್ನೊಂದು ಉಳಿಯುತ್ತದೆ.

ಬಿಸಿಲು ಬಡಿದರೆ ನಾಯಿ ನಾಲಿಗೆ ಉದ್ದ ಚಾಚಿ ಏದುಸಿರು ಬಿಡುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಒಸಡು ಕಡುಗೆಂಪಾಗುತ್ತದೆ, ಆಮೇಲೆ ಓಲಾಡುತ್ತದೆ. ಅದರ ಮಾಮೂಲಿ ಮೈಬಿಸಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ಹೊಟ್ಟೆ, ತೊಡೆಸಂದು, ಪಾದಗಳಿಗೆ ನಳದ ನೀರು ಸುರಿಯುತ್ತಾ ಫ್ಯಾನ್ ಹಚ್ಚಿ, ಹಾಗೇ ಆಸ್ಪತ್ರೆಗೆ ಹೊರಡಿ. ಹಸಿ ತಟ್ಟು ಮೈಮೇಲೆ ಹೊದಿಸಿ ಬಿಡಬೇಡಿ, ಎರಡು ನಿಮಿಷಕ್ಕೆ ಅದು ಬೆಚ್ಚಗಾಗಿ ಒಳಗಿನ ಕಾವನ್ನು ಹಿಡಿದಿಡುತ್ತದೆ. ಹಾಸಬೇಕೆಂದರೆ ಹೊಟ್ಟೆಯ ಕೆಳಗೆ ಹಾಸಿ.

ಬೇಟೆನಾಯಿ_ಮುಧೋಳ

ಮುಧೋಳದ ಬೆರಕಿ ಅಂದ್ರಲ್ಲ, ಅದು ಖರೇ ಆಗಿದ್ರ ನಿಮ್ಮ ತಯಾರಿ ಸ್ವಲ್ಪ ಬ್ಯಾರೆ ಆಗಬೇಕು.

ಒಂದನೇದು ಪಟ್ಟಾ. ಈ ನಾಯಿಗಳ ತಲಿ ಕುತ್ತಿಗಿಕ್ಕಿಂತ ಸಣ್ಣದು. ಸಾದಾ ಬಕಲಿನ ಪಟ್ಟಾ ಹಾಕ್ರಿ, ಹೆದರಿ ಹಿಂದಕ್ಕ ಜಗ್ಗಿದ್ರ ಸಾಬೂನು ಜಾರಿದಂಗ ತಲಿ ಹೊರಗ ಬರತೈತಿ. ಬಿಗಿ ಮಾಡಿದ್ರ ಉಸುರು ಕಟ್ಟತೈತಿ. ಅದಕ್ಕ ಮಾರ್ಟಿಂಗೇಲ್ ಅಂತ ಸಿಗತೈತಿ ನೋಡ್ರಿ, ಜಗ್ಗಿದಾಗ ಅಷ್ಟ ಬಿಗಿ ಆಗಿ, ಬಿಟ್ಟಾಗ ಸಡ್ಲ ಆಗೋ ಪಟ್ಟಾ. ಅದನ್ನ ತಗೋರಿ. ಜೋಡಿಗೆ ಎದಿಗೆ ಹಾಕೋ ಹಾರ್ನೆಸ್. ಮುಂಗಾಲಿನ ಹಿಂದ, ಎದಿ ಭಾಳ ಆಳ ಇರೋ ಜಾಗಕ್ಕ ಟೇಪ್ ಸುತ್ತಿ ಅಳತಿ ತಗೋರಿ, ಹಾಕಿದ ಮ್ಯಾಲ ಎರಡು ಬಟ್ಟು ತೂರಬೇಕು, ಮೂರು ತೂರಬಾರದು. ಮೊದಲ ತಿಂಗಳು ಎರಡು ಹಗ್ಗ: ಒಂದು ಪಟ್ಟಾಕ್ಕ, ಒಂದು ಹಾರ್ನೆಸ್ಸಿಗೆ. ಆರಡಿ ನೈಲಾನ್ ಹಗ್ಗ ಸಾಕು. ಹಗ್ಗ ಉದ್ದ ಬಿಟ್ಟು ಸುತ್ತಿಕೊಳ್ಳೋ ಡಬ್ಬಿ ಬ್ಯಾಡ ಬ್ಯಾಡ. ಹೊಸ ನಾಯಿ ಒಮ್ಮೆ ಜಿಗದ್ರ ಡಬ್ಬಿ ಕೈ ತಪ್ಪಿ ಬೀಳತೈತಿ, ಅದು ಗಡಗಡ ಸಪ್ಪಳ ಮಾಡ್ಕೋತ ಬೆನ್ನು ಹತ್ತತೈತಿ, ನಾಯಿ ಇನ್ನೂ ಜೋರ ಓಡತೈತಿ.

ಎರಡನೇದು ಮಾಳಗಿ. ಎರಡೂವರೆ ಅಡಿ ಪ್ಯಾರಾಪೆಟ್ ಅಂದ್ರ ಈ ನಾಯಿಗೆ ಮೆಟ್ಟಲಾ ಇದ್ದಂಗ. ಆಚೆ ಬಾಜು ಬೆಕ್ಕು ಕಂಡ್ರ ಕೆಳಗ ಎಷ್ಟು ಆಳ ಐತಿ ಅಂತ ಅದು ನೋಡಂಗಿಲ್ಲ. ಮಾಳಗಿ ಬಾಗಲಕ್ಕ ಮ್ಯಾಲಿಂದ ಚಿಲಕ ಹಾಕಸ್ರಿ. ಸಂಜಿಮುಂದ ನೀವು ಮ್ಯಾಲ ಕೂಡೋವರಿದ್ರೂ ನಾಯಿ ಹಗ್ಗದಾಗ ಇರ್ಲಿ.

ಗೇಟು: ಸಳಿಗಳ ನಡುವ ನಾಕೂವರೆ ಇಂಚು ಇದ್ರ ಮೂತಿ ತೂರತೈತಿ, ತಲಿ ಸಿಗಬೀಳತೈತಿ. ಒಂದಿಂಚಿನ ವೆಲ್ಡ್ ಮೆಶ್ ತಂದು ಕೆಳಗಿಂದ ಮೂರಡಿ ಎತ್ತರ ಕಟ್ರಿ. ಬೈಂಡಿಂಗ್ ವಾಯರಿನ ತಿರುವಿದ ತುದಿ ಹೊರಗಿನ ಬಾಜೂಕ ಬಾಗಸ್ರಿ. ಒಳಗ ಬಿಟ್ರ ನಾಯಿ ಮೂತಿ ಒತ್ತಿ ನಿಂತಾಗ ನಟ್ಟಗ ಕಣ್ಣಿಗೆ ಬರತಾವ. ಕಟ್ಟಿದ ಮ್ಯಾಲ ನೀವ ಒಮ್ಮೆ ಅಂಗೈ ಸವರಿ ನೋಡ್ರಿ. ಗೇಟಿನ ಅಡಿಗೆ ಸಂದಿ ಇದ್ರ ಒಂದು ಕಡಪಾ ಕಲ್ಲು ಅಡ್ಡ ಇಡ್ರಿ. ಹಾಲಿನವ, ಪೇಪರಿನವ, ಗ್ಯಾಸಿನವ ಬಂದು ಗೇಟು ತೆಗದಾಗ ಮನಿ ಬಾಗಲ ಹಾಕಿರಬೇಕು. ಎರಡೂ ಒಟ್ಟಿಗೆ ತೆರೀಬಾರದು, ಇದೊಂದು ರೂಢಿ ಮನಿಮಂದಿಗೆಲ್ಲಾ ಹಚ್ಚಬೇಕು.

ಇನ್ನ ಅತ್ತಿಯವರು "ಬಡಕಲಾಗೈತಿ, ಎಲುಬು ಕಾಣತಾವ" ಅಂತ ಖಂಡಿತ ಅಂತಾರ. ಈ ಜಾತಿಗೆ ಕಡೀ ಎರಡು ಮೂರು ಪಕ್ಕೆಲುಬು ಕಾಣೋದು ಮಾಮೂಲಿ. ಬೆನ್ನಹುರಿ ಗಂಟು, ಟೊಂಕದ ಎಲುಬು ಚೂಪಾಗಿ ಎದ್ದಿದ್ರ ಆಗ ಚಿಂತಿ ಮಾಡ್ರಿ. ಕೋಳಿ, ಆಡಿನ ಮರಿ, ಬೆಕ್ಕು ಓಣ್ಯಾಗ ಇದ್ರ ಹಗ್ಗ ಬಿಚ್ಚಬ್ಯಾಡ್ರಿ, ಎಷ್ಟ ಸಾಧು ಅನಿಸಿದ್ರೂ. ಇದು ಕಣ್ಣಿಲೆ ಬೇಟಿ ಮಾಡೋ ಜಾತಿ. ಓಡೋದು ಕಂಡ್ರ ನಿಮ್ಮ ಕರಿಯೂ ದನಿ ಕಿವಿಗೆ ಬೀಳಂಗಿಲ್ಲ.

ಮೈಮ್ಯಾಲ ಚರಬಿ ಕಡಿಮಿ ಇರೋ ಬೇಟಿನಾಯಿಗಳಿಗೆ ಕೆಲವು ಹಳೇ ಅರಿವಳಿಕಿ ಔಷಧ ಇಳಿಯೂದು ಭಾಳ ಹೊತ್ತಾಗತೈತಿ. ಮುಂದ ಎಂದರ ಹಲ್ಲಿಗೋ ಗಾಯಕ್ಕೋ ಆಪರೇಷನ್ ಬಂದ್ರ ಡಾಕ್ಟರಿಗೆ ಬೆರಕಿ ಅನುಮಾನ ಐತಿ ಅಂತ ಮೊದಲ ಹೇಳ್ರಿ. ತಳಿ ಬಗ್ಗೆ ಖಾತ್ರಿ ಮಾಡ್ಕೋಬೇಕಂದ್ರ ಮುಧೋಳ ಹತ್ರ ತಿಮ್ಮಾಪುರದಾಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಐತಿ, ಅಲ್ಲಿಯವರು ನೋಡಿ ಹೇಳಬಹುದು. ಹೇಳಿದ್ರೂ ಹೇಳದಿದ್ರೂ ಹಗ್ಗದ ಮಾತು ಅಷ್ಟ.

ಸಿಂದಗಿ_ನಾಕಾ

ಇಷ್ಟೆಲ್ಲಾ ಯಾಕ್ರಿ. ಬಂದ ದಿನಾನ ಡೆಟಾಲ್ ನೀರಾಗ ಒಂದು ಸ್ನಾನ ಹೊಡೀರಿ, ದನಕ್ಕ ಹಚ್ಚೋ ಉಣ್ಣಿ ಔಷಧ ಒಂದು ಮುಚ್ಚಳ ಬಕೆಟ್ ನೀರಿಗೆ ಹಾಕಿ ಮೈಗೆ ಸುರೀರಿ. ಮುಗೀತು.

ಉಣ್ಣಿ_ವೈರಿ (ಜಮಖಂಡಿ)

ಸಿಂದಗಿ ನಾಕಾದವರೆ, ಎರಡೂ ಬೇಡ. ಕಾರಣ ಹೇಳುತ್ತೇನೆ, ಸಿಟ್ಟಾಗಬೇಡಿ.

ದನಕ್ಕೆ ಮಾರುವ ಅಮಿಟ್ರಾಜ್ 12.5 ಪರ್ಸೆಂಟಿನ ಗಟ್ಟಿ ದ್ರಾವಣ. ನಾಯಿಗೆ ಬಳಸುವಾಗ ಅದನ್ನು 0.025ರಿಂದ 0.05 ಪರ್ಸೆಂಟಿಗೆ ಇಳಿಸಬೇಕು, ಅಂದರೆ ಲೀಟರಿಗೆ 2ರಿಂದ 4 ಮಿಲಿ. ಬಕೆಟ್ಟಿಗೆ ಮುಚ್ಚಳ ಎನ್ನುವುದು ಅಳತೆಯೇ ಅಲ್ಲ. ಒಬ್ಬರ ಬಕೆಟ್ಟು ಐದು ಲೀಟರು, ಇನ್ನೊಬ್ಬರದು ಇಪ್ಪತ್ತು. ಹೆಚ್ಚಾದರೆ ನಾಯಿ ಮಂಕಾಗುತ್ತದೆ, ನಾಡಿ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಸುರಿದ ಮೇಲೆ ನೆಕ್ಕಿಕೊಂಡರೆ ಇನ್ನೂ ಕೆಟ್ಟದ್ದು. ಎರಡು ಬಗೆ ಔಷಧ ಕೂಡಿಸಿದ ಬಾಟಲಿಗಳೂ ಇವೆ, ಅವುಗಳಲ್ಲಿ ಪರ್ಮೆಥ್ರಿನ್ ಇದ್ದರೆ ಅದು ಬೆಕ್ಕಿಗೆ ಪ್ರಾಣಾಂತಕ.

ಡೆಟಾಲ್ ಚರ್ಮ ಒಣಗಿಸಿ ಉರಿ ಎಬ್ಬಿಸುತ್ತದೆ. ಅದಕ್ಕಿಂತ ದೊಡ್ಡ ಮಾತು, ಹೊಸ ಮನೆ, ಹೊಸ ಮಂದಿ ಎಂದು ಆಗಲೇ ನಡುಗುತ್ತಿರುವ ಪ್ರಾಣಿಯನ್ನು ಬಚ್ಚಲಿನಲ್ಲಿ ಒತ್ತಿ ಹಿಡಿದರೆ ಕಚ್ಚುವ ಸಂಭವ ಆ ದಿನವೇ ಹೆಚ್ಚು. ಮೊದಲ ವಾರ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಿ. ಸ್ನಾನ ಎರಡನೆಯ ವಾರಕ್ಕೆ.

ಇನ್ನು ಕೊಟ್ಟಿಗೆ. ಎಲ್ಲರೂ ದನದ ಉಣ್ಣಿ ನಾಯಿಗೆ ಹತ್ತುತ್ತದೆ ಎಂದು ದನವನ್ನು ದೂರುತ್ತಾರೆ. ದನಕ್ಕೆ ಹತ್ತುವ ಸಾಮಾನ್ಯ ಉಣ್ಣಿ ಬೇರೆ ಜಾತಿ, ಅದು ಮರಿಯಿಂದ ಬಲಿಯುವವರೆಗೆ ಒಂದೇ ದನದ ಮೈಮೇಲೆ ಇರುತ್ತದೆ. ನಾಯಿಯದು ಕಂದು ಉಣ್ಣಿ. ಇದು ಮೂರು ಹಂತದಲ್ಲಿ ಮೂರು ಸಲ ನಾಯಿಯ ಮೈ ಹತ್ತಿ, ಮೂರು ಸಲ ಇಳಿಯುತ್ತದೆ. ಇಳಿದು ಹೋಗುವುದು ಮಣ್ಣಿಗಲ್ಲ, ಗೋಡೆಗೆ. ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿದ ಹೆಣ್ಣುಣ್ಣಿ ಕಲ್ಲಿನ ಸಂದಿಯಲ್ಲಿ ಸಾವಿರಗಟ್ಟಲೆ ತತ್ತಿ ಇಟ್ಟು ಸಾಯುತ್ತದೆ. ಬಲಿತ ಉಣ್ಣಿ ಏನೂ ತಿನ್ನದೆ ಎಷ್ಟೋ ತಿಂಗಳು ಕಾಯುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ನೋಡಬೇಕಾದ್ದು ದನವನ್ನಲ್ಲ, ಆ ನಡುವಿನ ಹಳೆಯ ಕಲ್ಲಿನ ಗೋಡೆಯನ್ನು, ಅದರಲ್ಲೂ ಕೊಟ್ಟಿಗೆಯಲ್ಲಿ ಬೀದಿನಾಯಿ ಮಲಗುತ್ತಿದ್ದರೆ.

ರಾತ್ರಿ ಟಾರ್ಚ್ ಹಿಡಿದು ಗೋಡೆಯನ್ನು ನೆಲದಿಂದ ನಾಲ್ಕೈದು ಅಡಿಯವರೆಗೆ ನೋಡಿ. ಸಂದಿಗಳಲ್ಲಿ ಕಂದು ಚುಕ್ಕೆ ಸರಿದಾಡುತ್ತಿದ್ದರೆ ಆ ಮನೆಯಲ್ಲಿ ಮೊದಲೇ ಉಣ್ಣಿ ಇದೆ. ನಾಯಿ ಬರುವ ಮೊದಲೇ ಸಂದಿಗಳನ್ನು ತಂತಿ ಬ್ರಷ್‌ನಿಂದ ಕೆರೆದು ಸಿಮೆಂಟು ಮರಳು ತುಂಬಿಸಿ, ಮೇಲೆ ಸುಣ್ಣ ಹೊಡೆಯಿರಿ. ಬಾಗಿಲ ಚೌಕಟ್ಟಿನ ಹಿಂದೆ, ಮೀಟರ್ ಬೋರ್ಡಿನ ಹಿಂದೆ, ತುಳಸಿಕಟ್ಟೆಯ ಬಿರುಕಿನಲ್ಲೂ ನೋಡಿ. ಕಟ್ಟಿಗೆಯ ಹೊರಸನ್ನು ನಾಯಿಗೆ ಕೊಡಬೇಡಿ, ಅದರ ಕೀಲು ಉಣ್ಣಿಗೆ ಹೇಳಿ ಮಾಡಿಸಿದ ಜಾಗ. ಕಬ್ಬಿಣದ ಪೈಪಿನ ಮೇಲೆ ಕ್ಯಾನ್ವಾಸ್ ಬಿಗಿದ ಎತ್ತರದ ಹಾಸಿಗೆ ಒಳ್ಳೆಯದು, ತೊಳೆಯಬಹುದು, ಕೆಳಗೆ ಗಾಳಿಯೂ ಆಡುತ್ತದೆ.

ನಾಯಿಗೆ: ಫಿಪ್ರೊನಿಲ್ ಸ್ಪ್ರೇ ಕಿಲೋಗೆ 3ರಿಂದ 6 ಮಿಲಿ, ಕೂದಲು ಎದುರು ದಿಕ್ಕಿಗೆ ಸರಿಸಿ ಚರ್ಮ ಒದ್ದೆಯಾಗುವಂತೆ. ಬೆನ್ನಿಗೆ ಬಿಡುವ ಹನಿ ಔಷಧವಾದರೆ ಎರಡು ದಿನ ಮೊದಲು, ಎರಡು ದಿನ ಆಮೇಲೆ ಸ್ನಾನವಿಲ್ಲ. ಶಾಂಪೂ ಹಾಕಿ ತೊಳೆದ ಮರುದಿನವೇ ಹನಿ ಬಿಟ್ಟು "ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು. ಈ ಔಷಧ ಚರ್ಮದ ಜಿಡ್ಡಿನೊಳಗೆ ಹರಡಬೇಕು, ಜಿಡ್ಡೇ ತೊಳೆದುಹೋದರೆ ಹರಡುವುದು ಎಲ್ಲಿ? ತಿನ್ನಿಸುವ ಗುಳಿಗೆಗಳಲ್ಲಿ ಅಫಾಕ್ಸೊಲನರ್ ಒಂದು ತಿಂಗಳು, ಫ್ಲೂರಲನರ್ 12 ವಾರ ನಡೆಯುತ್ತದೆ. ತೂಕ ನೋಡಿ ಕೊಡಬೇಕು. ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಹೇಳದೆ ಕೊಡಬೇಡಿ. ಗೋಡೆಯಲ್ಲಿ ಉಣ್ಣಿ ಇರುವ ಮನೆಗೆ ಗುಳಿಗೆಯೇ ಮೇಲು, ಯಾಕೆಂದರೆ ಹೊಸದಾಗಿ ಹತ್ತಿದ್ದೆಲ್ಲ ಸತ್ತು, ಗೋಡೆಯ ಸಂತತಿ ಎರಡು ಮೂರು ತಿಂಗಳಲ್ಲಿ ತಾನೇ ಇಳಿಯುತ್ತದೆ.

ಕೈಗೆ ಸಿಕ್ಕ ಉಣ್ಣಿಯನ್ನು ಉಗುರಿನಲ್ಲಿ ಹಿಸುಕಬೇಡಿ. ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆದು, ಸ್ಪಿರಿಟ್ ಹಾಕಿದ ಡಬ್ಬಿಗೆ ಬಿಡಿ.

ತಂದ ಮೊದಲ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಜ್ವರ, ಅಂದರೆ ಎರ್ಲಿಕಿಯಾ ಮತ್ತು ಬೆಬೀಸಿಯಾ, ಶೆಲ್ಟರಿನ ನಾಯಿಗಳಲ್ಲಿ ಒಳಗೇ ಕೂತಿರಬಹುದು. ಪ್ಲೇಟ್‌ಲೆಟ್ ಲೆಕ್ಕ ಎರಡು ಲಕ್ಷಕ್ಕಿಂತ ಬಹಳ ಕೆಳಗಿದ್ದರೆ ಅನುಮಾನ. ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡರೆ ಅದೇ ದಿನ ತೋರಿಸಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ 28 ದಿನ. ಹತ್ತನೇ ದಿನ ನಾಯಿ ಚುರುಕಾಯಿತೆಂದು ನಿಲ್ಲಿಸಿದರೆ ಮತ್ತೆ ತಿರುಗಿ ಬರುತ್ತದೆ.

ಟಿಳಕವಾಡಿ_ಒಲಿ (ಬೆಳಗಾವಿ)

ಊಟದ ಮಾತು ನನಗ ಬಿಡ್ರಿ.

ಮೊದಲ ಮೂರು ದಿನ ಶೆಲ್ಟರಿನಾಗ ಏನ ತಿಂತಿತ್ತೋ ಅದನ್ನ ಹಾಕ್ರಿ, ಒಳ್ಳೇದೋ ಕೆಟ್ಟದ್ದೋ. ಹೆದರಿಕಿ, ಹೊಸ ನೀರು, ಹೊಸ ಊಟ ಮೂರೂ ಒಮ್ಮೆ ಬಂದ್ರ ಹೊಟ್ಟಿ ಕೆಡತೈತಿ. ಆಮ್ಯಾಲ ಕಾಲುಭಾಗ ಹೊಸದು, ಎರಡು ದಿನ ಬಿಟ್ಟು ಅರ್ಧ, ಮತ್ತ ಎರಡು ದಿನಕ್ಕ ಮುಕ್ಕಾಲು, ಹಿಂಗ ವಾರದಾಗ ಬದಲಸ್ರಿ.

14 ಕಿಲೋದ, ಆಪರೇಷನ್ ಆದ ನಾಯಿಗೆ ದಿನಕ್ಕ 700ರಿಂದ 800 ಕ್ಯಾಲರಿ ಬೇಕು. ಅಂಗಡ್ಯಾಗ ಸಿಗೋ ಕಾಳು ಆಹಾರ (ಒಣ ಡಾಗ್ ಫುಡ್) ಅಷ್ಟ ಹಾಕಿದ್ರ 200ರಿಂದ 220 ಗ್ರಾಂ, ಎರಡು ಹೊತ್ತಿಗೆ ಹಂಚಿ. ರೊಟ್ಟಿ ಮ್ಯಾಲ ಸಾಕಬಹುದೇನಂದ್ರ, ಬರೀ ರೊಟ್ಟಿ ಮ್ಯಾಲ ಸಾಕಬಾರದು. ಜ್ವಾಳದಿಂದ ಹೊಟ್ಟಿ ತುಂಬತೈತಿ, ಆದ್ರ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ, ಕ್ಯಾಲ್ಸಿಯಂ ಅಂತೂ ಭಾಳ ಕಡಿಮಿ. ಅರ್ಧಕ್ಕರ್ಧ ಮಾಡ್ರಿ: ಕಾಳು ಆಹಾರ 100 ಗ್ರಾಂ, 60 ಗ್ರಾಂ ಹಿಟ್ಟಿನ ರೊಟ್ಟಿ ಒಂದೂವರೆ, ಒಂದು ಕುದಿಸಿದ ತತ್ತಿ, ಎರಡು ಮೂರು ಚಮಚ ಮೊಸರು. ಕಟಕ ರೊಟ್ಟಿ ಇದ್ರ ಉಪ್ಪಿಲ್ಲದ ಮಜ್ಜಿಗ್ಯಾಗ ಹತ್ತು ನಿಮಿಷ ನೆನಸಿ ಕಿವುಚ್ರಿ, ಒಣಾ ಹಾಕಿದ್ರ ಗಂಟಲಿಗೆ ಸಿಗತೈತಿ. ಇದು ಲೆಕ್ಕಕ್ಕ ಸರಿಯಾಗಿ 800ರ ಹತ್ರ ಬರತೈತಿ. ಹಾಲು ಬ್ಯಾಡ, ಬಾಳ ನಾಯಿಗೆ ಹೊಟ್ಟಿ ಜಾಡಸತೈತಿ.

ಈಗ ಹಾಕಬಾರದ್ದು. ನೀವು ಇರೋದು ದ್ರಾಕ್ಷಿ ಸೀಮ್ಯಾಗ, ಅದಕ್ಕ ಒತ್ತಿ ಹೇಳ್ತೀನಿ: ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ) ನಾಯಿ ಬಾಯಿಗೆ ಒಂದೂ ಬೀಳಬಾರದು. ಕೆಲವು ನಾಯಿಗೆ ಸ್ವಲ್ಪ ತಿಂದ್ರೂ ಸಾಕು, ಒಂದರಿಂದ ಮೂರು ದಿನದಾಗ ಕಿಡ್ನಿ ನಿಲ್ಲತಾವ. ಎಷ್ಟು ತಿಂದ್ರ ತಡೀತೈತಿ ಅಂತ ಮುಂಚೆ ಹೇಳಾಕ ಬರಂಗಿಲ್ಲ. ದ್ರಾಕ್ಷ್ಯಾಗ ಇರೋ ಟಾರ್ಟಾರಿಕ್ ಆಮ್ಲನ ಕಾರಣ ಅಂತ 2021ರಿಂದ ಪಶುವೈದ್ಯರು ಹೇಳಾಕತ್ತಾರ. ಅದ ಆಮ್ಲ ನಮ್ಮ ಹುಣಸಿಹಣ್ಣಿನ್ಯಾಗ ತುಂಬಿರತೈತಿ. ಅಂದ್ರ ಅನ್ನಾ ಸಾರು ಕಲಸಿ ಹಾಕೋ ರೂಢಿ ಬಿಡಬೇಕು. ಶಿರಾ, ಲಾಡು, ಗುಡಿ ಪ್ರಸಾದ, ಎಲ್ಲಾದ್ರಾಗೂ ಮಣೂಕ ಅಡಗಿರತಾವ.

ಉಳ್ಳಾಗಡ್ಡಿ, ಬಳ್ಳೊಳ್ಳಿ ರಕ್ತದ ಕೆಂಪು ಕಣ ಒಡೀತಾವ. ತಿಂದ ಮೂರು ನಾಕ ದಿನಕ್ಕ ನಾಯಿ ಸೋತು ಬೀಳತೈತಿ, ಅಷ್ಟೊತ್ತಿಗೆ ಏನ ತಿಂದಿತ್ತಂತ ಯಾರಿಗೂ ನೆನಪಿರಂಗಿಲ್ಲ. ಶೇಂಗಾ ಹಿಂಡಿ, ಜುಣಕ, ಪಲ್ಲ್ಯೆ ಸವರಿದ ರೊಟ್ಟಿ ಇದ ಕಾರಣಕ್ಕ ಬ್ಯಾಡ. ಕುದಿಸಿದ ಕೋಳಿ ಎಲುಬು ಸೀಳಿ ಚೂಪಾಗತಾವ. ಚಾಕಲೇಟ್, ಸಕ್ರಿ ಇಲ್ಲದ ಚೂಯಿಂಗ್ ಗಮ್ ವಿಷ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮನ್ಯಾಗ ಇರೋ ಗುಳಿಗಿ, ನಾಯಿಗೆ ಜ್ವರ ಬಂದ್ರೂ ಮುಟ್ಟಬ್ಯಾಡ್ರಿ. ಕುಂದಾ ಕೊಡಬಹುದೇನು ಅಂತ ಬೆಳಗಾವಿ ಮಂದಿ ಕೇಳೂದು ನಾ ಬಲ್ಲೆ. ಅದೂ ಬ್ಯಾಡ, ನೀವ ತಿನ್ರಿ.

ಮಣೂಕ ತಿಂದದ್ದು ಕಂಡ್ರ ಎರಡು ತಾಸಿನೊಳಗ ಡಾಕ್ಟರ ಕಡೆ ಮುಟ್ಟಬೇಕು, ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಸ್ತಾರ. ಉಪ್ಪುನೀರು ಕುಡಿಸೋ ಮನಿಮದ್ದು ಮಾಡಬ್ಯಾಡ್ರಿ, ಉಪ್ಪ ಇನ್ನೊಂದು ವಿಷ ಆಗತೈತಿ.

ಜೋಡಗುಮ್ಮಟ_ಓಣಿ

ಎಲ್ಲಾರಿಗೂ ಭಾಳ ಧನ್ಯವಾದ. ಗ್ವಾಡಿ ನೋಡಿದೆ, ಉಣ್ಣಿ ಅದಾವ. ನಾಳೆ ಗೌಂಡಿ ಬರ್ತಾನ.

ಇನ್ನ ಮೂರು ಅನುಮಾನ. ಜ್ವಾಳದ ಚೀಲ ಇಡೋ ಖೋಲ್ಯಾಗ ಇಲಿಪಾಷಾಣ ಇಟ್ಟಾರ, ಕಾಳಿಗೆ ಗುಳಿಗಿನೂ ಹಾಕ್ತಾರ. ಬಾಗಲ ಹಾಕಿದ್ರ ನಡೀತೈತೇನು? ಎರಡನೇದು, ನಾಯಿ ಒಳಗ ಉಚ್ಚಿ ಹೊಯ್ದ್ರ ವಿನೆಗರ್ ಹಾಕಿ ಒರೆಸ್ರಿ ಅಂತ ಎಲ್ಲಾ ಕಡೆ ಬರೀತಾರ, ಫರ್ಸಿಗೆ ಏನಾಗಂಗಿಲ್ಲಲ್ಲ? ಮೂರನೇದು ಮಗಳು. ಈಗ ಕುಣ್ಯಾಕತ್ತಾಳ, ಬಂದ ಕೂಡ್ಲೆ ಅಪ್ಪಿಕೋತಾಳ.

ಉಣ್ಣಿ_ವೈರಿ (ಜಮಖಂಡಿ)

ಬಾಗಿಲು ಹಾಕಿದರೆ ಸಾಲದು, ಆ ಪಾಷಾಣವನ್ನೇ ಎತ್ತಿಸಿ. ಕಪ್ಪು ಪುಡಿಯಾಗಿದ್ದರೆ ಅದು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನಿಲ ಏಳುತ್ತದೆ. ತಿಂದ ನಾಯಿ ಕಾರಿನೊಳಗೆ ವಾಂತಿ ಮಾಡಿದರೆ ಆ ಗಾಳಿ ನಿಮಗೂ ವಿಷ, ಕಿಟಕಿ ತೆರೆದೇ ಒಯ್ಯಬೇಕು. ನೀಲಿ ಹಸಿರು ಬಿಲ್ಲೆಯಾಗಿದ್ದರೆ ಬ್ರೋಮಾಡಿಯೊಲೋನ್. ಅದು ಮೂರರಿಂದ ಐದು ದಿನ ಸುಮ್ಮನಿದ್ದು ಆಮೇಲೆ ರಕ್ತಸ್ರಾವ ತರುತ್ತದೆ. ಮದ್ದು ವಿಟಮಿನ್ ಕೆ1, ವಾರಗಟ್ಟಲೆ. ಪೊಟ್ಟಣ ಎಸೆಯದೆ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಯಾವುದು ಎಂದು ತಿಳಿಯಬೇಕು. ಪಾಷಾಣ ತಿಂದು ಸತ್ತ ಇಲಿಯನ್ನು ನಾಯಿ ಕಚ್ಚಿದರೂ ತೊಂದರೆಯೇ, ಅದಕ್ಕೇ ಬಾಗಿಲು ಸಾಲದು ಎಂದದ್ದು. ಇಲಿಗೆ ಬೋನು ಇಡಿ.

ಕಾಳಿನ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್, ಅದೇ ಅನಿಲ. ವಾಸದ ಮನೆಯೊಳಗೆ ಅದನ್ನು ಇಡಲೇಬಾರದು, ನಾಯಿ ಇರಲಿ ಬಿಡಲಿ, ಮಗು ಇದೆಯಲ್ಲ. ಜೋಳವನ್ನು ಚೆನ್ನಾಗಿ ಒಣಗಿಸಿ ಮುಚ್ಚಳದ ತಗಡಿನ ಕಣಜಕ್ಕೆ ಬೇವಿನ ಎಲೆ ಹಾಕಿಟ್ಟರೆ ಮನೆಬಳಕೆಗೆ ನಡೆಯುತ್ತದೆ.

ಕುಂಡಗಳಿಗೆ ಔಡಲ ಹಿಂಡಿ ಗೊಬ್ಬರ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ವಾಸನೆಗೆ ನಾಯಿ ಕುಂಡ ಕೆದರಿ ತಿನ್ನುತ್ತದೆ, ಅದರಲ್ಲಿ ರೈಸಿನ್ ವಿಷವಿದೆ. ಪೂಜೆಗೆ ಬೆಳೆಸಿದ ಕಣಗಿಲೆ ಗಿಡ ಅಂಗಳದಲ್ಲಿದ್ದರೆ ಎಲೆಯೂ ಹೂವೂ ವಿಷ. ಬೇರೆ ಕಡೆ ಸಾಗಿಸಿ.

ಬೇಟೆನಾಯಿ_ಮುಧೋಳ

ಫರ್ಸಿ ಮಾತು: ವಿನೆಗರ್ ಬ್ಯಾಡವೇ ಬ್ಯಾಡ. ಶಹಾಬಾದಿ ಅಂದ್ರ ಸುಣ್ಣದಕಲ್ಲು. ಒಡದ ಒಂದು ತುಂಡಿನ ಮ್ಯಾಲ ಲಿಂಬಿರಸ ಬಿಟ್ಟು ನೋಡ್ರಿ, ಸಣ್ಣ ಗುಳ್ಳಿ ಏಳತಾವ. ವಿನೆಗರೂ ಹಂಗ, ಬಚ್ಚಲ ಆ್ಯಸಿಡ್ಡೂ ಹಂಗ. ಹೊಳಪು ಹೋಗಿ ಬಿಳಿ ಕಲಿ ಬೀಳತೈತಿ, ಆ ಜಾಗ ಇನ್ನಷ್ಟು ಉಚ್ಚಿ ಹೀರತೈತಿ. ಟೈಲ್ಸ್ ಮನಿಯವರು ಬರದದ್ದು ಟೈಲ್ಸಿಗೆ ಸರಿ. ನೀವು ಮೊದಲ ಹಳೇ ಬಟ್ಟಿಲೆ ಒತ್ತಿ ಹೀರ್ರಿ, ಸಾಬೂನು ಪುಡಿ ನೀರು ಹಾಕಿ ತಿಕ್ಕಿ ಎರಡು ಸಲ ತೊಳೀರಿ, ಕಲ್ಲುಗಳ ಜೋಡಣಿ ಸಂದಿಗೆ ಎಂಜೈಮ್ ಕ್ಲೀನರ್ ಬಿಟ್ಟು ತಾನ ಆರಾಕ ಬಿಡ್ರಿ. ಫಿನೈಲ್ ಹಾಕಿದ್ರ ವಾಸನಿ ಮುಚ್ಚೋದು ನಮ್ಮ ಮೂಗಿಗೆ ಅಷ್ಟ, ನಾಯಿ ಅದ ಜಾಗ ಹುಡಿಕ್ಯಾಡಿ ಮತ್ತ ಹೊಯ್ಯತೈತಿ.

ಕೃಷ್ಣೆಯ_ದಂಡಿ (ಬಾಗಲಕೋಟೆ)

ಮಗಳಿಗೆ ಈ ಆರು ದಿನದಲ್ಲಿ ಒಂದೇ ಆಟ ಕಲಿಸಿ: ನಾಯಿ ಹತ್ತಿರ ಬಂದರೆ ಗಿಡದಂತೆ ನಿಲ್ಲುವುದು. ಕೈ ಮೈಗೆ ಹತ್ತಿ, ಕಣ್ಣು ನೆಲಕ್ಕೆ, ಬಾಯಿ ಮುಚ್ಚಿ. ಓಡಿದರೆ, ಕಿರುಚಿದರೆ ಬೇಟೆಯ ಜಾತಿ ಬೆನ್ನಟ್ಟುತ್ತದೆ. ಗೊಂಬೆ ಇಟ್ಟು ಅಭ್ಯಾಸ ಮಾಡಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ಅಪ್ಪಿಕೊಳ್ಳುವುದು ಮಕ್ಕಳಿಗೆ ಪ್ರೀತಿ, ನಾಯಿಗೆ ಹಿಡಿದು ಕಟ್ಟಿದಂತೆ. ಉಣ್ಣುವಾಗ, ಮಲಗಿದಾಗ, ಮೂಲೆ ಸೇರಿದಾಗ ಮುಟ್ಟಕೂಡದು. ನಾಯಿ ತಾನಾಗಿ ಬಂದರೆ ಎದೆಯ ಕಡೆಯಿಂದ, ಕುತ್ತಿಗೆಯ ಬದಿಗೆ ಮೂರು ಸಲ ಸವರಿ ಕೈ ತೆಗೆಯಬೇಕು. ಮತ್ತೆ ಮೂತಿ ಒತ್ತಿದರೆ ಸವರಬಹುದು, ಮುಖ ತಿರುಗಿಸಿದರೆ ಮುಗಿಯಿತು. ತುಟಿ ನೆಕ್ಕುವುದು, ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು, ಮೈ ಬಿಗಿದು ನಿಲ್ಲುವುದು, ಇವೆಲ್ಲ ಗುರುಗುಟ್ಟುವುದಕ್ಕಿಂತ ಮೊದಲಿನ ಮಾತು. ಗುರ್ ಎಂದಾಗ ಹೊಡೆದು ಸುಮ್ಮನಾಗಿಸಬೇಡಿ. ಎಚ್ಚರಿಕೆ ಕೊಟ್ಟರೆ ಪೆಟ್ಟು ಎಂದು ಕಲಿತ ನಾಯಿ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಮಗು ಕೈಯಲ್ಲಿ ರೊಟ್ಟಿ ಹಿಡಿದು ಮನೆತುಂಬ ಓಡಾಡುವುದನ್ನು ಒಂದೆರಡು ತಿಂಗಳು ನಿಲ್ಲಿಸಿ. ಇಬ್ಬರೂ ಒಂದೇ ಖೋಲಿಯಲ್ಲಿರುವಾಗ ದೊಡ್ಡವರು ಕೈಯಳತೆಯಲ್ಲಿರಬೇಕು. ಪಕ್ಕದ ಖೋಲಿಯಿಂದ ಕಿವಿಗೊಟ್ಟರೆ ಸಾಲದು.

ಹಲ್ಲು ತಾಗಿದರೆ, ಲಸಿಕೆ ಹಾಕಿಸಿದ ನಾಯಿಯೇ ಆಗಿರಲಿ, ಸಾಬೂನು ಹಚ್ಚಿ ಹರಿಯುವ ನಳದ ಕೆಳಗೆ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯವಾದರೆ ಅದರ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸಿನ ವಿರುದ್ಧ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕೆಂದು ನೀವೇ ನೆನಪಿಸಿ.

ತರುವ ದಿನ: ಪ್ರಯಾಣಕ್ಕೆ ಮೂರು ತಾಸು ಮೊದಲು ಊಟ ಬೇಡ. ಬಿಸಿಲೇರುವ ಮೊದಲೇ, ಬೆಳಗಿನ ಎಂಟರೊಳಗೆ ಹೊರಡಿ. ರಿಕ್ಷಾ ಬೇಡ, ಬಾಗಿಲಿರುವ ಗಾಡಿ ಮಾಡಿ. ಮನೆ ಮುಂದೆ ಬಂದಾಗ ಗೇಟು ಹಾಕಿಕೊಂಡ ಮೇಲೆ, ಹಗ್ಗ ಮಣಿಕಟ್ಟಿಗೆ ಸುತ್ತದೆ ಅಂಗೈಯಲ್ಲಿ ಹಿಡಿದು ಬಾಗಿಲು ತೆಗೆಯಿರಿ. ಬಂಧು ಬಳಗಕ್ಕೆ ಅಂದು ಆಹ್ವಾನ ಬೇಡ, ಆರತಿಯೂ ಬೇಡ. ನೇರ ಅದರ ಮೂಲೆಗೆ ಒಯ್ದು ನೀರು ತೋರಿಸಿ ಬಿಟ್ಟುಬಿಡಿ. ಮೊದಲ ಮೂರು ದಿನ ಅಡಗಿ ಕೂರಬಹುದು, ಒಂದು ದಿನ ಉಣ್ಣದಿರಬಹುದು, ಕಕ್ಕಸಿಗೆ ಹೋಗದಿರಬಹುದು. ನೀರೂ ಮುಟ್ಟದಿದ್ದರೆ, ಊಟ ಎರಡನೇ ದಿನ ದಾಟಿದರೆ ವೈದ್ಯರು. ಮನೆಯ ಹೊತ್ತುಗೊತ್ತು ಹಿಡಿಯಲು ಮೂರು ವಾರ, ಇದು ನನ್ನ ಮನೆ ಎನ್ನಲು ಮೂರು ತಿಂಗಳು ಎಂದು ಅಂದಾಜಿಟ್ಟುಕೊಳ್ಳಿ. ಲಗ್ನದ ಸೀಜನ್ನು ಇದು. ಓಣಿಯಲ್ಲಿ ಡಿಜೆ, ಪಟಾಕಿ ಶುರುವಾಗುವ ಮೊದಲೇ ಒಳಗೆ ಕರೆದು ಫ್ಯಾನು ಜೋರಾಗಿ ಬಿಡಿ. ಹೆಚ್ಚು ನಾಯಿಗಳು ತಪ್ಪಿಸಿಕೊಳ್ಳುವುದು ಮೊದಲ ಹದಿನೈದು ದಿನದಲ್ಲಿ, ಅದೂ ಸಪ್ಪಳಕ್ಕೆ ಬೆದರಿ. ಪಟ್ಟಾದ ಮೇಲೆ ಮೊಬೈಲ್ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಶನಿವಾರವೇ ತಯಾರಿರಲಿ, ಪಾತ್ರೆಗೆ ಹೆಸರು ಹಾಕುವವರು ಐದು ನಿಮಿಷದಲ್ಲಿ ಕೊರೆದುಕೊಡುತ್ತಾರೆ.

ಜೋಡಗುಮ್ಮಟ_ಓಣಿ

ಬಿಲ್ಲೆ ನಾಳೇನ ಕೊರಸ್ತೀನಿ. ರಾತ್ರಿ ಸಣ್ಣದೊಂದು ತೊಂದರಿ ಆದ್ರ ಯಾರಿಗೆ ಫೋನ್ ಹಚ್ಚಬೇಕು?

ಟಿಳಕವಾಡಿ_ಒಲಿ (ಬೆಳಗಾವಿ)

ಪಶುಪಾಲನಾ ಇಲಾಖೆ ಸಂಚಾರಿ ಚಿಕಿತ್ಸಾ ಗಾಡಿ ನಂಬರು 1962. ಅದು ಮುಖ್ಯವಾಗಿ ದನಕರುಗಳ ಸಲುವಾಗಿ ಇರೋದು, ರಾತ್ರಿ ಬರ್ತಾರಂತ ನಂಬಿ ಕೂಡಬ್ಯಾಡ್ರಿ. ಜಿಲ್ಲಾ ಪಶು ಆಸ್ಪತ್ರಿ ಹಗಲಿಗೆ. ರಾತ್ರಿಗೆ ಒಬ್ಬ ಖಾಸಗಿ ಡಾಕ್ಟರು ಬೇಕ ಬೇಕು. ನಾಯಿ ತರೂಕಿಂತ ಮೊದಲ, ಶುಕ್ರವಾರದೊಳಗ ಹೋಗಿ ಭೆಟ್ಟಿ ಆಗ್ರಿ, ಹತ್ತರ ಮ್ಯಾಲ ಫೋನ್ ಎತ್ತತಾರೋ ಇಲ್ಲೋ ನೇರ ಕೇಳ್ರಿ. ಆ ನಂಬರು ಫ್ರಿಜ್ಜಿನ ಬಾಗಲಕ್ಕ ದೊಡ್ಡ ಅಕ್ಷರದಾಗ ಬರದು ಹಚ್ರಿ, ಅತ್ತಿಯವರಿಗೆ ಚಾಳೀಸ ಇಲ್ಲದ ಓದಾಕ ಬರಬೇಕು.